ತಾರ್ಲೆ ಎಣ್ಣೆ ಬಿದ್ದ ಕಾರು

ಆಗೆಲ್ಲ ಕೋಡಿಬಾಗದ ನಮ್ಮ ಮನೆಯಲ್ಲಿ ಮಳೆ ಹಿಡಿಯುವ ಮುಂಚೆ ಕಬ್ಬಿಣದ್ದು ಅಂತ ಏನೇನಿದೆಯೋ ಅದಕ್ಕೆಲ್ಲ ತಾರ್ಲೆ ಮೀನಿನ ಎಣ್ಣೆ ಸವರುತ್ತಿದ್ದರು. ದಡಕ್ಕೆ ಎಳೆದಿಟ್ಟ ದೋಣಿಯ ಮೊಳೆಗೆ, ಲಂಗರಿಗೆ, ಬಾಗಿಲ ಚಿಲಕಕ್ಕೆ, ಬಾವಿಯ ರಾಟೆಗೆ. ಶಾಲೆಗೆ ಹೋಗುವ ನಮ್ಮ ಯೂನಿಫಾರ್ಮಿಗೂ ಅದೇ ನಾತ. ನೀವೂ ಕರಾವಳಿಯವರಾದರೆ ಆ ವಾಸನೆ ಈಗಲೇ ಮೂಗಿಗೆ ಬಂದಿರಬೇಕು.

ಅಂಥ ಒಂದು ಬೇಸಿಗೆಯ ಕೊನೆಯಲ್ಲಿ ಅಪ್ಪನ ತಂಗಿ ಶಾಂತತ್ತೆಗೆ ಅಂಕೋಲೆಯ ಶಾಲೆಯೊಂದರಿಂದ ಟೀಚರ್ ಕೆಲಸದ ಸಂದರ್ಶನಕ್ಕೆ ಕರೆ ಬಂತು. ಗಂಡ ಸತ್ತು ತವರಿಗೆ ಬಂದವಳು. ಅಂಗಳದಲ್ಲಿ ಚಿಕ್ಕಪ್ಪನ ಹಳೇ ಕಾರಿತ್ತು, ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿ ಸ್ಟಾರ್ಟ್ ಮಾಡುವಂಥದ್ದು. "ಬಸ್ಸು ಎಂತಕ್ಕೆ? ನಾನೇ ಬಿಟ್ಟು ಬರ್ತೆ" ಅಂದ ಚಿಕ್ಕಪ್ಪ.

ಅತ್ತೆ ಇಸ್ತ್ರಿ ಮಾಡಿದ ನೀಲಿ ಸೀರೆ ಉಟ್ಟು ಕಾರಿನಲ್ಲಿ ಕೂತಳು. ಚಿಕ್ಕಪ್ಪ ಹ್ಯಾಂಡಲ್ ತಿರುಗಿಸಿದ, ಬೆವರಿದ, ಬೈದ. ಇಂಜಿನ್ ಉಸಿರೆತ್ತಲಿಲ್ಲ. ಅಷ್ಟರಲ್ಲಿ ಬಸ್ಸೂ ಹೋಯಿತು. ಮುಂದಿನ ಬಸ್ಸು ಹೋಗಿ ಮುಟ್ಟುವಾಗ ಸಂದರ್ಶನ ಮುಗಿದಿರುತ್ತಿತ್ತು.

ಜಗಲಿಯಿಂದ ಅಜ್ಜಿ ಅಂದಳು: "ನಿನ್ನೆ ಶಿರವಾಡಕ್ಕೆ ಹೋಗಿ ಬಂದ ಗಾಡಿ. ಇವತ್ತು ಇವಳು ಕೂತದ್ದೇ ಕೂತದ್ದು, ಸತ್ತೇಹೋಯ್ತು. ಇಳಿಯೇ ಶಾಂತಾ."

ಅತ್ತೆ ಇಳಿದಳು. ಅಪ್ಪ ಪೇಪರ್ ಓದುತ್ತಲೇ ಇದ್ದ. ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಮಧ್ಯಾಹ್ನ ಅಗಸೂರಿನ ಕಾರು ರಿಪೇರಿ ಮೇಸ್ತ್ರಿ ಬಂದ. ಪ್ಲಗ್ ಬಿಚ್ಚಿ, ವೈರು ಸಿಕ್ಕಿಸಿ, ಇಂಜಿನ್ನಿನ ಮೈಮೇಲೆ ಮಲಗಿಸಿ "ಈಗ ತಿರುಗ್ಸಿ" ಅಂದ. ಕಿಡಿ ಇಲ್ಲ. ಕಿಡಿಗೆ ಕರೆಂಟು ಕೊಡುವ ಕಾಯಿಲಿನಿಂದ ಬರುವ ದಪ್ಪ ವೈರನ್ನು ಕಬ್ಬಿಣದ ಹತ್ತಿರ ಹಿಡಿದ. ಅಲ್ಲೂ ಇಲ್ಲ. ಡಿಸ್ಟ್ರಿಬ್ಯೂಟರಿನ ಕರೀ ಮುಚ್ಚಳ ತೆಗೆದ. ಒಳಗೆ ಕರೆಂಟು ಕೂಡಿಸಿ ಬಿಡಿಸುವ ಪುಟ್ಟ ಪಾಯಿಂಟುಗಳು. ಬಗ್ಗಿ ಮೂಸಿ ನೋಡಿದ.

"ಇದಕ್ಕೆ ತಾರ್ಲೆ ಎಣ್ಣೆ ಹಾಕಿದವರು ಯಾರು ಮಾರಾಯ್ರೆ?"

ಚಿಕ್ಕಪ್ಪ ತಲೆ ಕೆರೆದುಕೊಂಡ. "ನಿನ್ನೆ ಸಂಜೆ ನಾನೇ. ಉಪ್ಪುಗಾಳಿಗೆ ತುಕ್ಕು ಹಿಡೀತದಲ್ಲ ಅಂತ..."

"ದೋಣಿ ಅಂತ ಮಾಡಿದ್ರಾ? ಎಣ್ಣೆ ಕೂತ್ರೆ ಇಲ್ಲಿ ಕರೆಂಟು ಹರಿಯುದಿಲ್ಲ."

ಪೆಟ್ರೋಲ್ ಬಟ್ಟೆಯಿಂದ ಒರೆಸಿ, ಪಾಲಿಶ್ ಪೇಪರ್ ಎಳೆದ. ಮತ್ತೆ ತಿರುಗಿಸಿದಾಗ ಪ್ಲಗ್ಗಿನ ತುದಿಯಲ್ಲಿ ಚಟ್ ಚಟ್ ಅಂತ ನೀಲಿ ಕಿಡಿ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಜ್ಜಿಯೂ ನಕ್ಕಳು.

"ಹಾಗಾದ್ರೆ ನನ್ನಿಂದ ಅಲ್ಲ" ಅಂದಳು ಅತ್ತೆ, ಅಡುಗೆಮನೆಯ ಬಾಗಿಲಲ್ಲಿ ನಿಂತು. ಇನ್ನೂ ಅದೇ ನೀಲಿ ಸೀರೆಯಲ್ಲಿದ್ದಳು.

ಅಜ್ಜಿಯ ನಗು ನಿಂತಿತು. "ಇರ್ಲಿ. ಮೊದಲು ಗಾಡಿಗೆ ಒಂದು ಕಾಯಿ ಒಡೀಲಿ. ನೀನು ಹತ್ತುದು ಬೇಡ."

ತಪ್ಪು ಯಾರದ್ದು ಅಂತ ಕಣ್ಣಾರೆ ಕಂಡ ಮೇಲೂ ಈ ಮಾತು. ಏನು ಜನವೋ. ಆ ಶಾಲೆಯವರು ಬೇರೆಯವರನ್ನು ತೆಗೆದುಕೊಂಡರು. ಅತ್ತೆ ಮತ್ತೆಲ್ಲಾದರೂ ಅರ್ಜಿ ಹಾಕುತ್ತೇನೆ ಅಂದಾಗಲೆಲ್ಲ ಮನೆಯಲ್ಲಿ ಆ ದಿನದ ಅಪಶಕುನದ ಮಾತೇ ಏಳುತ್ತಿತ್ತು. ಕಡೆಗೆ ಅವಳು ಕೇಳುವುದನ್ನೇ ಬಿಟ್ಟಳು.

ಈಗ ದೋಣಿಗಳೆಲ್ಲ ಫೈಬರಿನವು, ತಾರ್ಲೆ ಎಣ್ಣೆಯ ನಾತ ಕೇರಿಯಲ್ಲೆಲ್ಲೂ ಇಲ್ಲ. ಅದು ಹೋಯಿತಲ್ಲ ಅಂತ ನಮ್ಮವರು ಹಲುಬುತ್ತಾರೆ. ಹೋಗಲಿ, ನನಗೇನೂ ಬೇಜಾರಿಲ್ಲ. ಕಾರು ಮಾತ್ರ ಉಳಿದಿದೆ. ಚಿಕ್ಕಪ್ಪ ಅದಕ್ಕೆ ಹೊಸ ಬಣ್ಣ ಹೊಡೆಸಿ, ಬಂದವರಿಗೆಲ್ಲ ಎಣ್ಣೆಯ ಕತೆ ಹೇಳಿ ನಗಿಸುತ್ತಾನೆ. ಆ ಕತೆಯಲ್ಲಿ ಅತ್ತೆ ಬರುವುದೇ ಇಲ್ಲ.

ಮೊನ್ನೆ ಫೋಟೋಕ್ಕೆ ಅಂತ ಕಾರಿನ ಬಾಗಿಲು ತೆಗೆದು ಕರೆದ: "ಬಾ ಅಕ್ಕ, ಕೂತ್ಕೋ."

ಅತ್ತೆ ಸಾರಿಗೆ ಶೆಟ್ಲಿ ಸಿಗಡಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಈಗ ಎಲ್ಲಿಗೆ?" ಅಂದಳು.

ಆ ಬಾಗಿಲನ್ನು ನಾನೇ ಹೋಗಿ ಹಾಕಿದೆ, ಗಾಜು ಅದುರುವಷ್ಟು ಜೋರಾಗಿ.