ಕರಡೆವ್ವನ ಕಲ್ಲಿಗೆ ಬೆಲ್ಲ ಬಳಿದವನು

ಅತ್ತಿಗೆ, ಆ ಕಲ್ಲು ದೇವರಲ್ಲ. ಅದಕ್ಕೆ ಮೊಟ್ಟಮೊದಲು ಬೆಲ್ಲ ಬಳಿದವನು ನಾನು — ಭಕ್ತಿಯಿಂದಲ್ಲ, ಕರಡಿ ಬರಲಿ ಎಂದು. ನಿಮ್ಮ ಎಡಗಣ್ಣು ಹೋದದ್ದು, ಎಡಗೈ ಸೊಟ್ಟಗಾದದ್ದು ಯಾವ ದೇವಿಯ ಸಿಟ್ಟಿನಿಂದಲೂ ಅಲ್ಲ, ನಾನು ಇಟ್ಟ ಬೆಲ್ಲದಿಂದ. ಇದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ನಿಮಗೆ ಬೇರೆಯೇ ಮಾತು ಹೇಳಿದೆ.

ಬಾಯಿಮಾತಿನಲ್ಲಿ ಹೇಳಲು ಹೊರಟರೆ ನಾನು ಎಲ್ಲಾದರೂ ಒಂದು ಕಡೆ ಜಾರಿಕೊಳ್ಳುತ್ತೇನೆ. ಇಷ್ಟು ವರ್ಷ ಅದನ್ನೇ ಮಾಡಿದ್ದೇನೆ — ನಿಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಹೇಳಿಯೇಬಿಡುತ್ತೇನೆ ಎಂದುಕೊಂಡು, ಕೊನೆಗೆ ಮಳೆ ಬೆಳೆ ಮಾತಾಡಿ ಎದ್ದು ಬಂದಿದ್ದೇನೆ. ಅದಕ್ಕೇ ಈ ಸಲ ಬರೆದಿದ್ದೇನೆ. ಸೋಮವಾರ ಸಂಜೆ ಬಂದು ನಿಮ್ಮ ಮುಂದೆ, ನಿಮ್ಮ ಮಗಳು ಕಮಲಿಯ ಮುಂದೆ ಓದುತ್ತೇನೆ. ಮರುದಿನ ಕಲ್ಲಿನ ಹತ್ತಿರ ಜನ ಸೇರಿದಾಗ ಇನ್ನೊಮ್ಮೆ ಓದುತ್ತೇನೆ. ನಿಮಗೆ ಗೊತ್ತಿರುವ ಸಂಗತಿಗಳನ್ನೂ ಬಿಡದೆ ಹೇಳುತ್ತಿರುವುದು ಅದಕ್ಕಾಗಿ; ಆಗ ಹುಟ್ಟಿರದಿದ್ದವರೂ ಕೇಳಬೇಕು.

ಎಂಬತ್ತರ ದಶಕದ ಮೊದಲ ವರ್ಷಗಳು. ಕೂಡ್ಲಿಗಿಯ ಸಾಹುಕಾರರೊಬ್ಬರ ಹಳೇ ಜೀಪಿಗೆ ನಾನು ಡ್ರೈವರ್. ಒಮ್ಮೆ ಕೊಟ್ಟೂರಿನ ಬಟ್ಟೆ ವ್ಯಾಪಾರಿಗಳ ಕುಟುಂಬವನ್ನು ಮೈಸೂರು, ಊಟಿ ಎಂದು ಸುತ್ತಿಸುವಾಗ ಬಂಡೀಪುರದಲ್ಲಿ ನಿಂತೆವು. ಅಲ್ಲಿ ಮೊದಲ ಸಲ ಸಫಾರಿ ಎಂಬ ಮಾತು ಕೇಳಿದೆ. ಸಾಲಾಗಿ ವ್ಯಾನಿನಲ್ಲಿ ಕೂಡಿಸಿ ಕಾಡಿನೊಳಗೆ ಕರೆದೊಯ್ದರು. ಒಂದು ಜಿಂಕೆಯ ಹಿಂಡು ಕಂಡದ್ದಕ್ಕೆ ಆ ದೊಡ್ಡ ದೊಡ್ಡ ಮನುಷ್ಯರು ಕೂಸುಗಳ ಹಾಗೆ ಒಬ್ಬರ ಹೆಗಲು ಒಬ್ಬರು ಹಿಡಿದು ನೋಡಿದರು. ನನಗೆ ಜಿಂಕೆಗಿಂತ ಹೆಚ್ಚು ಹಿಡಿಸಿದ್ದು ವ್ಯಾನಿನ ಮುಂದೆ ಕೂತಿದ್ದ ಆ ಮನುಷ್ಯ. ಅವನು ಕೈ ಎತ್ತಿದರೆ ಎಲ್ಲರೂ ಗಪ್‌ಚುಪ್. ಅವನು ತೋರಿಸಿದ ಕಡೆ ಎಲ್ಲರ ಕಣ್ಣು. ಜೀಪು ತೊಳೆಯುವಾಗಲೂ ಬೈಸಿಕೊಳ್ಳುವ ನನಗೆ ಅದು ನೆತ್ತಿಗೇರಿಬಿಟ್ಟಿತು.

ನಮ್ಮ ಗುಡೇಕೋಟೆ ಕಡೆಯ ಗುಡ್ಡಗಳಲ್ಲಿ ಕರಡಿಗಳಿಗೇನು ಬರವೇ? ಬಂಡೆಗಳ ಸಂದಿನಲ್ಲಿ ಮಲಗಿ, ಹೊತ್ತು ಇಳಿದ ಮೇಲೆ ಎದ್ದು ಬರುವ ಪ್ರಾಣಿಗಳು. ದನ ಮೇಯಿಸುವವರು ದಿನಾ ನೋಡುತ್ತಿದ್ದರು, ಬೈದುಕೊಳ್ಳುತ್ತಿದ್ದರು. ಅವನ್ನೇ ತೋರಿಸುತ್ತೇನೆ ಎಂದು ನಾನು ಸಾಹುಕಾರರಿಗೆ ಹೇಳಿದೆ. ಅವರಿಗೂ ಹುರುಪು ಬಂತು. ಹಗರಿಬೊಮ್ಮನಹಳ್ಳಿಯ ಬ್ಯಾಂಕಿನವರು, ಹರಪನಹಳ್ಳಿಯ ಕಾಲೇಜು ಮೇಷ್ಟ್ರುಗಳು — ಭಾನುವಾರ ಬಂತೆಂದರೆ ಜೀಪು ತುಂಬಿಕೊಂಡು ನಮ್ಮ ಹಳ್ಳಿಯ ಹಾದಿ ಹಿಡಿಯುತ್ತಿದ್ದೆ. ಆದರೆ ಕರಡಿ ನನ್ನ ಮಾತು ಕೇಳಬೇಕು ಎಂದೇನಿದೆ? ಒಂದು ಸಲ ಬರಲಿಲ್ಲ, ಎರಡನೇ ಸಲವೂ ಬರಲಿಲ್ಲ. ನಿನ್ನ ಕರಡಿಗಳು ಬೀಗರ ಊರಿಗೆ ಹೋಗಿವೆಯೇನಪ್ಪ ಎಂದು ಮೇಷ್ಟ್ರೊಬ್ಬರು ಕೇಳಿದರು. ಎಲ್ಲರೂ ನಕ್ಕರು.

ಮುಂದಿನ ವಾರ ಬೆಲ್ಲ ಕರಗಿಸಿಕೊಂಡು ಹೋದೆ. ಊರಿನಿಂದ ಗುಡ್ಡಕ್ಕೆ ಹೋಗುವ ಬಂಡಿ ಜಾಡಿನ ಪಕ್ಕದಲ್ಲಿ, ಆಳೆತ್ತರದ ಆ ಕಲ್ಲು. ಜೀಪು ಅಲ್ಲಿಯವರೆಗೆ ಬರುತ್ತಿತ್ತು, ಬಂದವರು ನಡೆಯಬೇಕಾಗಿರಲಿಲ್ಲ. ಅದೊಂದೇ ಕಾರಣಕ್ಕೆ ಆರಿಸಿದೆ. ಮಧ್ಯಾಹ್ನವೇ ಹೋಗಿ ತೆಳ್ಳಗೆ ಬಳಿದು ಬರುತ್ತಿದ್ದೆ. ಸಂಜೆ ಮಂದಿಯನ್ನು ಕೂಡಿಸಿಕೊಂಡು ಏನೂ ಅರಿಯದವನಂತೆ ಹೋಗಿ ದೂರದಲ್ಲಿ ಜೀಪು ನಿಲ್ಲಿಸಿ, ಬಂಡೀಪುರದವನ ಹಾಗೆ ಕೈ ಎತ್ತುತ್ತಿದ್ದೆ. ಕರಡಿ ಬರುತ್ತಿತ್ತು. ನೆಕ್ಕಿ, ಹೊರಟುಹೋಗುತ್ತಿತ್ತು. ಗಾಳಿ ನೋಡಿ ಕರಡಿ ಹೇಳುತ್ತಾನೆ ಎಂದು ನನ್ನ ಹೆಸರು ಹೂವಿನಹಡಗಲಿವರೆಗೂ ಹಬ್ಬಿತು. ನಾನು ಎದೆಯುಬ್ಬಿಸಿ ತಿರುಗಿದೆ.

ಆಮೇಲೆ — ಇದನ್ನು ನೆನೆದರೆ ಈಗ ನಾಚಿಕೆ, ಆಗ ನಗು — ಕಲ್ಲಿನ ಮೇಲೆ ಬೆಲ್ಲ ಕಂಡರೆ ನಮ್ಮ ಜನ ಏನೆಂದುಕೊಳ್ಳುತ್ತಾರೆ? ಕಟ್ಟಿಗೆಗೆ ಹೋದ ಹೆಂಗಸರು ನೋಡಿದರು. ಯಾರೋ ನೈವೇದ್ಯ ಮಾಡಿದ್ದಾರೆ ಎಂದುಕೊಂಡರು. ಮುಂದಿನ ವಾರ ಕಲ್ಲಿಗೆ ಕುಂಕುಮ ಬಂತು. ಅದರ ಮುಂದಿನ ವಾರ ಹಸಿರು ಬಳೆ, ಒಡೆದ ತೆಂಗಿನಕಾಯಿ. ಕರಡಿ ಬಂದು ತಿಂದು ಹೋದದ್ದನ್ನು ಯಾರೋ ಕಂಡ ಮೇಲಂತೂ ಹೆಸರೂ ಬಿತ್ತು: ಕರಡೆವ್ವ. ನೀನೇ ಅಲ್ಲವೇನಪ್ಪ ಆ ಕಡೆ ಮೊದಲು ಓಡಾಡಿದವನು, ದೇವಿ ನಿನಗೇ ಮೊದಲು ಕಾಣಿಸಿಕೊಂಡಳೇ ಎಂದು ಹಿರಿಯರು ನನ್ನನ್ನೇ ಕೇಳಿದರು. ಇರಬಹುದು ಎಂದೆ. ಇಲ್ಲವೆನ್ನಲು ಬಾಯಿ ಬರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ — ಇಲ್ಲವೆನ್ನುವ ಮನಸ್ಸೇ ಇರಲಿಲ್ಲ. ಅವರು ಇಟ್ಟದ್ದಕ್ಕೂ ಕರಡಿ ಬರುತ್ತಿತ್ತಲ್ಲ.

ಅತ್ತಿಗೆ, ಆಗ ಕಮಲಿಗೆ ಎರಡು ತುಂಬಿತ್ತು. ಹುಟ್ಟುವಾಗಲೇ ಅವಳ ಎರಡೂ ಪಾದ ಒಳಕ್ಕೆ ತಿರುಗಿದ್ದವು. ಓರಗೆಯ ಕೂಸುಗಳು ಅಂಗಳದ ತುಂಬ ಓಡುವಾಗ ಅವಳು ಹೊಸ್ತಿಲು ಹಿಡಿದು ಕೂತಿರುತ್ತಿದ್ದಳು. ನೀವು ಕರಡೆವ್ವನಿಗೆ ಹರಕೆ ಹೊತ್ತಿರಿ: ಮಂಗಳವಾರ ಮಂಗಳವಾರ, ಹೊತ್ತು ಮೂಡುವ ಮೊದಲು, ಒದ್ದೆ ಸೀರೆಯಲ್ಲಿ, ಒಬ್ಬರೇ. ನನಗೆ ಇದು ಗೊತ್ತಿತ್ತು. ನನ್ನ ಅಣ್ಣ ಬಸಣ್ಣನೇ ಹೇಳಿದ್ದ.

ಆ ಸೋಮವಾರ ಹಡಗಲಿಯಿಂದ ಡಾಕ್ಟರರೊಬ್ಬರು ಸಂಸಾರ ಸಮೇತ ಬಂದಿದ್ದರು. ಕೊರಳಲ್ಲಿ ಕ್ಯಾಮೆರಾ. ಕರಡಿ ಬಂದ ಹಾಗೇ ಹೋಗಿಬಿಟ್ಟರೆ ಫೋಟೋ ಹೇಗೆ ತೆಗೆಯುವುದು ಎಂದು ಕೇಳಿದ್ದರು. ಅವರಿಗಾಗಿ ನಾನು ಎಂದೂ ಮಾಡದ ಕೆಲಸ ಮಾಡಿದೆ — ತೆಳ್ಳಗೆ ಬಳಿಯುವ ಬದಲು ಬೆಲ್ಲದ ಉಂಡೆಗಳನ್ನೇ ಕಲ್ಲಿನ ಸಂದಿಗೆ ಒತ್ತಿ ಒತ್ತಿ ತುಂಬಿದೆ. ಕರಡಿ ಉಗುರು ಹಾಕಿ ಕೆದರುತ್ತ ಬಹಳ ಹೊತ್ತು ನಿಲ್ಲಲಿ ಎಂದು. ಅದು ಅಂದು ಕತ್ತಲಾಗುವವರೆಗೂ ಬರಲಿಲ್ಲ. ಸುಮ್ಮನೆ ವಾಪಸಾಗಿ, ನಿಮ್ಮ ಮನೆಯಲ್ಲಿ ಮಜ್ಜಿಗೆ ಕುಡಿದೆವು. ನೆನಪಿದೆಯೇ? ನೀವು ಒಂದು ಮೂಲೆಯಲ್ಲಿ ಮರುದಿನಕ್ಕೆ ಪೂಜೆಯ ತಟ್ಟೆ ಹೊಂದಿಸುತ್ತಿದ್ದಿರಿ — ಅರಿಶಿನ, ಕುಂಕುಮ, ಒಂದು ಬೆಲ್ಲದ ಚೂರು.

ನಾನು ಆ ತಟ್ಟೆ ನೋಡಿದೆ. ಸಂದಿಯಲ್ಲಿ ಉಳಿದ ಬೆಲ್ಲವೂ ಕಣ್ಣ ಮುಂದೆ ಬಂತು. ನಾಳೆ ಹೋಗಬೇಡಿ ಎನ್ನಬೇಕು ಎನಿಸಿತು. ಎಂದರೆ, ಯಾಕೆ ಎಂದು ಕೇಳುತ್ತೀರಿ. ಕೇಳಿದರೆ, ಡಾಕ್ಟರರ ಎದುರಿಗೇ ಎಲ್ಲ ಬಯಲು. ಹೊತ್ತು ಮೂಡುವಷ್ಟರಲ್ಲಿ ಕರಡಿ ಗವಿ ಸೇರಿರುತ್ತದೆ ಬಿಡು ಎಂದು ನನಗೆ ನಾನೇ ಹೇಳಿಕೊಂಡು, ಲೋಟ ಕೆಳಗಿಟ್ಟು ಎದ್ದೆ. ನನ್ನ ತಪ್ಪು ಬೆಲ್ಲ ಇಟ್ಟದ್ದಲ್ಲ ಅತ್ತಿಗೆ, ಅಥವಾ ಅದಷ್ಟೇ ಅಲ್ಲ. ಆ ಲೋಟ ಕೆಳಗಿಟ್ಟು ಎದ್ದದ್ದು.

ಹೊಸ್ತಿಲಲ್ಲಿ ಕೂತ ಕಮಲಿಯನ್ನು ಡಾಕ್ಟರರು ನೋಡಿದ್ದರು; ಜೀಪು ಹತ್ತುವಾಗ ನನ್ನನ್ನು ಪಕ್ಕಕ್ಕೆ ಕರೆದು ಅವಳ ಕಾಲಿನ ಬಗ್ಗೆ ಒಂದು ಮಾತು ಹೇಳಿದರು. ನಾಳೆ ಹೇಳಿದರಾಯಿತು ಎಂದುಕೊಂಡೆ. ಅವರನ್ನು ಊರು ಮುಟ್ಟಿಸಿ ಕೂಡ್ಲಿಗಿಯಲ್ಲಿ ಮಲಗಿದೆ.

ಬೆಳಗ್ಗೆ ಅಣ್ಣನೇ ಬಂಡಿ ಹೊಡೆದುಕೊಂಡು ಬಂದ. ಕಂಬಳಿಯಲ್ಲಿ ನೀವು; ಕಲ್ಲಿನ ಹತ್ತಿರ ಕರಡಿ ಹಿಡಿದಿತ್ತು. ಅದೇ ಜೀಪಿನಲ್ಲಿ, ಕರಡಿ ನೋಡುವವರು ಕೂರುವ ಸೀಟಿನ ಮೇಲೆ ನಿಮ್ಮನ್ನು ಮಲಗಿಸಿಕೊಂಡು ಬಳ್ಳಾರಿಗೆ ಓಡಿಸಿದೆ.

ಆಸ್ಪತ್ರೆಯಲ್ಲಿ ನಿಮಗೆ ಎಚ್ಚರವಾದಾಗ ಹತ್ತಿರ ಇದ್ದವನು ನಾನೊಬ್ಬನೇ. ಮುಖದ ತುಂಬ ಪಟ್ಟಿ. ಉಳಿದ ಒಂದು ಕಣ್ಣಿನಿಂದ ನನ್ನನ್ನು ನೋಡಿ ಕೇಳಿದಿರಿ:

"ನಾ ಏನ್ ತಪ್ಪು ಮಾಡೀನೋ ಕೊಟ್ರೇಶಿ? ಮಡೀಲೇ ಹೋಗಿದ್ನೆಲ್ಲೋ."

ಹೇಳಬಹುದಾಗಿತ್ತು. ಬಾಗಿಲಲ್ಲಿ ಯಾರೂ ಇರಲಿಲ್ಲ. ಆದರೆ ಅಣ್ಣ ನನ್ನನ್ನು ಕೊಂದೇಹಾಕುತ್ತಾನೆ ಎಂಬ ಭಯ ಒಂದು ಕಡೆ, ಇಷ್ಟು ದಿನ ಗಳಿಸಿದ ಹೆಸರು ಮಣ್ಣುಪಾಲಾಗುತ್ತದೆ ಎಂಬ ಸಂಕಟ ಇನ್ನೊಂದು ಕಡೆ — ಎರಡರಲ್ಲಿ ಯಾವುದು ದೊಡ್ಡದಿತ್ತು ಎಂದು ಈಗಲೂ ನನಗೆ... ಇಲ್ಲ, ಗೊತ್ತು. ಹೆಸರೇ ದೊಡ್ಡದಿತ್ತು. ನಾನು ಹೇಳಿದೆ:

"ಏನಾರ ಮರ್ತಿರಬೇಕು ಅತ್ತಿಗಿ. ದೇವ್ರಿಗೆ ಸುಮ್‌ಸುಮ್ಕ ಸಿಟ್ಟು ಬರಂಗಿಲ್ಲ."

ನೀವು ಕಣ್ಣು ಮುಚ್ಚಿದಿರಿ. ಏನು ಮರೆತೆ ಎಂದು ಅಂದು ಹುಡುಕಲು ತೊಡಗಿದವರು ಇನ್ನೂ ಹುಡುಕುತ್ತಿದ್ದೀರಿ. ಊರಿಗೆ ಬಂದ ಮೇಲೆ ತಪ್ಪುಕಾಣಿಕೆಯಾಗಿ ಬೆಲ್ಲ ತಿನ್ನುವುದನ್ನೇ ಬಿಟ್ಟಿರಿ. ಯುಗಾದಿಗೆ ಊರಿಗೆಲ್ಲ ಹೋಳಿಗೆ ಬಡಿಸುತ್ತೀರಿ, ಒಂದು ಕೈಯಲ್ಲೇ ಹೂರಣ ಅರೆಯುತ್ತೀರಿ. ನಾಲಿಗೆಗೆ ಒಂದು ಚೂರು ಹಚ್ಚಿದವರಲ್ಲ. ಬೇವು-ಬೆಲ್ಲದಲ್ಲೂ ಬೇವಷ್ಟೇ ಆರಿಸಿಕೊಂಡು ತಿನ್ನುತ್ತೀರಿ. ಪ್ರತಿ ಹಬ್ಬಕ್ಕೂ ನಿಮ್ಮ ಎದುರು ಕೂತು ನಾನು ಹೋಳಿಗೆ ತಿಂದಿದ್ದೇನೆ. ಎರಡನೇ ಸಲ ಬಡಿಸಿಕೊಂಡೂ ತಿಂದಿದ್ದೇನೆ.

ಡಾಕ್ಟರರ ಮಾತನ್ನು ನಿಮಗೆ ಮುಟ್ಟಿಸಿದ್ದು ನೀವು ಮನೆಗೆ ಬಂದ ಮೇಲೆ. ಕಮಲಿಯನ್ನು ಹಡಗಲಿಗೆ ಕರೆದುಕೊಂಡು ಹೋಗೋಣ ಎಂದೆ. ನೀವು ತಲೆ ಅಲ್ಲಾಡಿಸಿದಿರಿ. ಕರಡೆವ್ವನ ಸಿಟ್ಟು ಇಳಿಯದೆ ಡಾಕ್ಟರು ಏನು ಮಾಡಿಯಾರು, ಕಾಲು ಮುಟ್ಟಿ ಇನ್ನೂ ಏನು ಮೈಮೇಲೆ ತಂದುಕೊಳ್ಳಲಿ ಎಂದಿರಿ. ಅಣ್ಣ ಜಗಳವಾಡಿದ, ನೀವು ಕೂಸನ್ನು ಎದೆಗವಚಿಕೊಂಡು ಕೂತಿರಿ. ಆಗಲೂ ನನ್ನ ಒಂದೇ ಮಾತು ಸಾಕಾಗಿತ್ತು. ಆ ಕಲ್ಲಿಗೆ ಸಿಟ್ಟೂ ಇಲ್ಲ, ಕರುಣೆಯೂ ಇಲ್ಲ, ಅಲ್ಲಿ ಇದ್ದದ್ದು ನನ್ನ ಬೆಲ್ಲ — ಅಷ್ಟೇ. ನಾನು ಅಂಗಳದಲ್ಲಿ ನಿಂತು ಜೀಪಿನ ಗಾಜು ಒರೆಸಿದೆ.

ಇನ್ನೂ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ನಿಮಗೆ ಹಾಗಾದ ಮೇಲೆ ನಾನು ಬೆಲ್ಲ ಬಳಿಯುವುದನ್ನು ನಿಲ್ಲಿಸಿದೆ, ಮಂದಿಯನ್ನು ಕರೆತರುವುದನ್ನು ನಿಲ್ಲಿಸಲಿಲ್ಲ. ದೇವಿ ಬಲು ಉಗ್ರ ಎಂದು ಸುದ್ದಿಯಾಗಿ ನೈವೇದ್ಯ ಇಮ್ಮಡಿಯಾಗಿತ್ತು, ಕರಡಿಗಳೂ ತಪ್ಪದೆ ಬರುತ್ತಿದ್ದವು. ಸಾಹುಕಾರರು ಜೀಪು ಮಾರುವವರೆಗೆ ನಾನು ಕೈ ಎತ್ತಿ ಕರಡಿ ತೋರಿಸುತ್ತಲೇ ಇದ್ದೆ. ಪಾಪ, ಒಬ್ಬ ಹೆಣ್ಣುಮಗಳನ್ನು ಇದೇ ಕರಡಿ ಹಿಡಿದಿತ್ತು ಎಂದು ಪಿಸುಗುಟ್ಟಿದರೆ ಬಂದವರು ಇನ್ನಷ್ಟು ಮುಂದಕ್ಕೆ ಬಾಗಿ ನೋಡುತ್ತಿದ್ದರು. ಆ ಹೆಣ್ಣುಮಗಳು ನನ್ನ ಅತ್ತಿಗೆ ಎಂದು ಮಾತ್ರ ಯಾರಿಗೂ ಹೇಳಲಿಲ್ಲ.

ಅಣ್ಣ ಇದಾವುದೂ ತಿಳಿಯದೆ ತೀರಿಕೊಂಡ. ಕಮಲಿ ಬಗಲಿಗೆ ಕೋಲು ಕೊಟ್ಟುಕೊಂಡು ನಡೆಯುವುದು ಕಲಿತಳು. ಈಗ ಕೂಡ್ಲಿಗಿಯ ಬಸ್‌ಸ್ಟ್ಯಾಂಡಿನ ಹಿಂದೆ ಅವಳ ಟೇಲರ್ ಅಂಗಡಿ, ಕೈಯಿಂದ ತಿರುಗಿಸುವ ಹೊಲಿಗೆ ಯಂತ್ರ. ನನ್ನ ಅಂಗಿಗಳನ್ನು ಅವಳೇ ಹೊಲಿಯುತ್ತಾಳೆ. ಕಾಕಾ, ಕಾಲರ್ ಹೆಂಗ ಬಂದೈತಿ ನೋಡು ಎಂದು ಕನ್ನಡಿ ಹಿಡಿಯುತ್ತಾಳೆ. ಆ ಕನ್ನಡಿಯಲ್ಲಿ ನಾನು ಕಾಲರ್ ಮಾತ್ರ ನೋಡುತ್ತೇನೆ.

ಹೋದ ವಾರ ಊರಿನ ಹಿರಿಯರು ಮನೆಗೆ ಬಂದಿದ್ದರು. ಕರಡೆವ್ವನಿಗೆ ಗುಡಿ ಕಟ್ಟುತ್ತಾರಂತೆ. ದೇವಿ ಮೊದಲು ಕಾಣಿಸಿಕೊಂಡದ್ದು ನನಗೇ ಎಂದು ಊರು ನಂಬಿದೆಯಲ್ಲ — ಮಂಗಳವಾರ ನನ್ನ ಕೈಯಿಂದಲೇ ಕಾಯಿ ಒಡೆಸಬೇಕೆಂದು ಕೇಳಿದರು. ಕಲ್ಲಿನ ಮುಂದೆ ನಿಮ್ಮನ್ನೂ ನಿಲ್ಲಿಸಿ, ಎಲ್ಲರೆದುರು ದೇವಿಗೆ ತಪ್ಪಾಯಿತು ಎನ್ನಿಸುತ್ತಾರಂತೆ. ನೀವು ಒಪ್ಪಿದ್ದೀರೆಂದು ಹೇಳಿದರು.

ಅಲ್ಲಿಗೆ ಮುಗಿಯಿತು. ಇನ್ನು ಸುಮ್ಮನಿರುವುದು ನನ್ನಿಂದ ಆಗದು. ಬರುತ್ತೇನೆ ಎಂದು ಹಿರಿಯರಿಗೆ ಮಾತು ಕೊಟ್ಟಿದ್ದೇನೆ. ಬರುವುದು ಕಾಯಿ ಒಡೆಯುವುದಕ್ಕಲ್ಲ. ಇದಿಷ್ಟನ್ನೂ ಓದುತ್ತೇನೆ. ತಪ್ಪಾಯಿತು ಎನ್ನಬೇಕಾದವನು ಯಾರೆಂದು ಹೆಸರು ಹಿಡಿದು ಹೇಳುತ್ತೇನೆ. ನಂಬುವವರು ನಂಬಲಿ, ಹೊಡೆಯುವವರು ಹೊಡೆಯಲಿ. ಆಮೇಲೂ ಗುಡಿ ಕಟ್ಟುತ್ತೇವೆಂದರೆ ಅದು ಅವರ ಇಷ್ಟ. ಆದರೆ ಬೆಲ್ಲ, ಕಾಯಿ ಬಿದ್ದ ಕಡೆ ಕರಡಿ ಬಂದೇ ಬರುತ್ತದೆ, ಇನ್ನೊಬ್ಬಳು ಒದ್ದೆ ಸೀರೆಯಲ್ಲಿ ಒಬ್ಬಳೇ ಅಲ್ಲಿಗೆ ಹೋಗಬಾರದು — ಇದನ್ನು ಅವರ ಕಿವಿಗೆ ಹಾಕದೆ ಅಲ್ಲಿಂದ ಕದಲುವುದಿಲ್ಲ.

ನಿಮ್ಮಿಂದ ಕ್ಷಮೆ ಕೇಳುವುದಿಲ್ಲ ಅತ್ತಿಗೆ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ. ನಿಮ್ಮ ಸ್ವಭಾವ ನನಗೆ ಗೊತ್ತು. ಬೆಲ್ಲ ತಿನ್ನಿ ಎನ್ನುವ ಬಾಯಿಯೂ ನನಗಿಲ್ಲ. ನೀವು ಏನನ್ನೂ ಮರೆತಿರಲಿಲ್ಲ — ಮಡಿಯನ್ನೂ, ಕುಂಕುಮವನ್ನೂ, ಯಾವುದನ್ನೂ. ಇದು ಮಾತ್ರ ನಿಮಗೆ ತಿಳಿದಿರಬೇಕು.

ಸೋಮವಾರ ಇದನ್ನು ಓದಿ ಮುಗಿಸಿದ ಮೇಲೆ ಕಮಲಿ ಒಂದು ಪ್ರಶ್ನೆ ಕೇಳಬಹುದು. ಕೇಳದಿದ್ದರೂ ನಾನೇ ಹೇಳುತ್ತೇನೆ. ಅಂದು ಜೀಪು ಹತ್ತುವಾಗ ಡಾಕ್ಟರರು ನನ್ನ ಹೆಗಲ ಮೇಲೆ ಕೈಯಿಟ್ಟು ಆಡಿದ ಮಾತು, ಒಂದಕ್ಷರ ಬಿಡದೆ, ಅವಳ ಮುಖ ನೋಡಿಕೊಂಡೇ:

"ಪಾದ ಇನ್ನೂ ಎಳೇವು ಅದಾವಪ. ಈಗ್ಲೇ ಕರ್ಕೊಂಡು ಬರ್ರಿ, ನಿಮ್ಮ ಹುಡುಗಿ ಓಡಾಡ್ತಾಳ."