ಚೆಲ್ಲೊ ಬಳಗದ ಪ್ರವೇಶ ಪರೀಕ್ಷೆ

ಗೆಳೆಯರೇ, ಇವತ್ತು ಗಜೇಂದ್ರಗಡದ ಸೈಬರ್ ಕೆಫೆಯಲ್ಲಿ ನನ್ನ ಮಾನ ಹೋಯಿತು.

ನಾನು ಸಾಲಿ ಮಾಸ್ತರ, ಜೊತೆಗೆ ಚೆಲ್ಲೊ ನುಡಿಸುತ್ತೇನೆ. ಪಿಟೀಲಿನ ದೊಡ್ಡಣ್ಣ ಅದು. ಊರಲ್ಲಿ ಜೊತೆಗಾರರಿಲ್ಲವೆಂದು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಸಿಕ್ಕ ಬಳಗಗಳೆಲ್ಲ ಸತ್ತಿದ್ದವು. ಒಂದರಲ್ಲಿದ್ದ ಕೊನೆಯ ಮಾತೇ "ಯಾರಾದರೂ ಇದ್ದೀರಾ?" ಕಡೆಗೆ ಜೀವವಿರುವ ಬಳಗವೊಂದು ಸಿಕ್ಕಿತು. ಆದರೆ ಒಳಗೆ ಸೇರಲು ನುಡಿಸಿದ್ದನ್ನು ರೆಕಾರ್ಡ್ ಮಾಡಿ ಕಳಿಸಬೇಕಿತ್ತು.

ಇಂದು ವಾದ್ಯ ಹೊತ್ತುಕೊಂಡು ಹೋಗಿ ಕೆಫೆಯ ಮೈಕಿನ ಮುಂದೆ ಕೂತೆ. ಆಲಾಪ ಏರುತ್ತಿದ್ದಂತೆ ಕೆಫೆ ಮಾಲೀಕನ ತಾಯಿ ಖೈರೂನ್‌ಬಿ ಹಿತ್ತಲಿನಿಂದ ಕೂಗಿದರು: "ಮಾಸ್ತರ್ರ, ಸಾಕ್ ಮಾಡ್ರಿ! ನಿಮ್ಮ ಅಳೂ ಪೆಟ್ಟಿಗಿ ಕೇಳಿ ಎಮ್ಮಿ ಹಾಲ ಕೊಡವಲ್ದು!"

ಮತ್ತೆ ನುಡಿಸುವ ಧೈರ್ಯವಾಗದೆ ಆ ಕೂಗಿನ ಸಮೇತ ಆದ ರೆಕಾರ್ಡನ್ನೇ ಕಳಿಸಿದೆ.

ಚಹಾ ಕುಡಿಯುವಷ್ಟರಲ್ಲಿ ಬಳಗದಿಂದ ಉತ್ತರ ಬಂತು. ಕನ್ನಡ ಬಾರದ ಪುಣೆಯ ಹಿರಿಯರೊಬ್ಬರು ಇಂಗ್ಲಿಷಿನಲ್ಲಿ ಬರೆದಿದ್ದರು: "ನಿಮ್ಮ ಶ್ರುತಿ ಸರಿಯಿಲ್ಲ. ನಡುವೆ ಹಾಡಿದ ತಾಯಿಯ ಕಂಠ ಮಾತ್ರ ಅದ್ಭುತ. ಯಾವ ಘರಾಣಾ?"

ಹಿತ್ತಲಿಗೆ ಹೋಗಿ ಕನ್ನಡದಲ್ಲಿ ಓದಿ ಹೇಳಿದೆ. ಖೈರೂನ್‌ಬಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಎಮ್ಮಿ ಹಿಂಡೂ ಘರಾಣಾ ಅಂತ ಬರೀರಿ" ಎಂದರು.

ಹಾಗೇ ಬರೆದೆ. ಖೈರೂನ್‌ಬಿಯವರಿಗೆ ಪ್ರವೇಶ ಸಿಕ್ಕಿದೆ. ನನ್ನ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ.