ಬಾಣಂತಿ ನೀರಿನ ಪಾಠ

ಮೂಡುಬಿದಿರೆಯ ಹತ್ತಿರದ ವೃದ್ಧಾಶ್ರಮದಲ್ಲಿ ಹೆಂಗಸರನ್ನು ಮೀಯಿಸಲು ಒಬ್ಬ ಆಯಾ ದಿನಾ ವಾಮದಪದವಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬಂದವರೇ ಬಳೆ ಕಳಚಿ ಕಿಟಕಿಯಲ್ಲಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸುವರು. ಯಾರಾದರೂ ಸ್ನಾನ ಒಲ್ಲೆನೆಂದರೆ, "ಬೇಡವಾದರೆ ಬೇಡ, ಮಾತಾಡುವ" ಎಂದು ಪಕ್ಕದಲ್ಲೇ ಕೂರುವರು. ಯಾರನ್ನೂ ಬಚ್ಚಲಿಗೆ ಎಳೆದೊಯ್ದದ್ದನ್ನು ನಾನು ಕಂಡಿಲ್ಲ.

ಅದೇ ಆಶ್ರಮದಲ್ಲಿದ್ದ ನನ್ನ ದೊಡ್ಡಮ್ಮ ಮಾತ್ರ ಅವರಿಗೂ ಬಗ್ಗಲಿಲ್ಲ. ಊರಿನ ಬಾಣಂತಿಯರನ್ನೆಲ್ಲ ಮೀಯಿಸಿದ ದೊಡ್ಡಮ್ಮನಿಗೆ ಈಗ ಇನ್ನೊಬ್ಬರೆದುರು ಸೀರೆ ಬಿಚ್ಚಲು ನಾಚಿಕೆ. ಅತ್ತ ಸ್ನಾನವಿಲ್ಲದೆ ಬೆನ್ನಿನ ಹುಣ್ಣು ಹರಡುತ್ತಿತ್ತು.

ಒಂದು ಬೆಳಿಗ್ಗೆ ನಾನು ಅಲ್ಲಿದ್ದಾಗಲೇ ಅವರು ಬಂದು, "ಮಗಳು ಹೆತ್ತಿದ್ದಾಳೆ ದೊಡ್ಡಮ್ಮ. ನೀರು ಹಾಕ್ಲಿಕ್ಕೆ ನನಗೆ ಹೆದರಿಕೆ. ಸ್ವಲ್ಪ ಕಲಿಸಿ ಕೊಡ್ತೀರಾ?" ಎಂದರು.

ದೊಡ್ಡಮ್ಮ ಎದ್ದೇಬಿಟ್ಟರು. ಬಚ್ಚಲಲ್ಲಿ ಬಕೆಟ್ಟಿಗೆ ಕೈಯದ್ದಿ, "ಇಷ್ಟು ತಣ್ಣಗಾ? ಬಾಣಂತಿಗೆ ಶೀತ ಹಿಡಿಸ್ತೀಯಾ?" ಎಂದು ಗದರಿದರು. ಬಿಸಿನೀರು ಬೆರೆಸಿದ್ದಾಯಿತು. "ಈಗ ನನ್ನ ಬೆನ್ನಿಗೆ ಹೊಯ್ಯಿ. ನಿನ್ನ ಕೈ ನೋಡುವ" ಎಂದು ತಾವೇ ಸೆರಗು ಸರಿಸಿ ಮಣೆಯ ಮೇಲೆ ಕೂತರು.

ನಾನು ಹೊರಗೆ ನಿಂತೆ. "ಮೆಲ್ಲ, ಮಾರಾಯ್ತಿ! ಮೊದಲು ಸೊಂಟಕ್ಕೆ!" ಎಂಬ ಬೈಗುಳ ಮುಗಿಯುವಷ್ಟರಲ್ಲಿ ಸ್ನಾನವೂ ಮುಗಿದಿತ್ತು.

ಬಿಸಿಲಿಗೆ ಕೂತು ತಲೆ ಒಣಗಿಸುತ್ತಿದ್ದ ದೊಡ್ಡಮ್ಮನಲ್ಲಿ ಕೇಳಿದೆ, "ಅವರ ಮಗಳಿಗೆ ಮಗು ಯಾವುದಂತೆ?"

"ಅವಳಿಗೆ ಮಗಳು ಎಲ್ಲಿಂದ? ಇರುವುದು ಒಬ್ಬ ಮಗ, ಶಾಲೆಗೆ ಹೋಗ್ತಾನೆ. ನನಗೆ ಗೊತ್ತಿಲ್ವಾ?" ದೊಡ್ಡಮ್ಮ ನಕ್ಕರು. "ಆದ್ರೂ ಕಲಿಸಿ ಅಂತ ಕೇಳಿದ ಮೇಲೆ ಇಲ್ಲ ಹೇಳ್ಲಿಕ್ಕೆ ಆಗ್ತದಾ? ಅವಳ ಕೈ ಇನ್ನೂ ಪಳಗಿಲ್ಲ. ನಾಳೆಯೂ ಕಲಿಸ್ಲಿಕ್ಕುಂಟು."